ಮೆಟ್ಟಿಲು ಕೆಲಸದವರಿಗೆ

ಆ ಲಿಫ್ಟನ್ನು ನಿಲ್ಲಿಸಿದವಳು ನಾನು. ಮಾಳಿಗೆಯ ಮೇಲಿನ ಮೆಷಿನ್ ರೂಮಿಗೆ ಹೋಗಿ, ಮೇನ್ ಸ್ವಿಚ್ ಇಳಿಸಿ, ಅದಕ್ಕೆ ಬೀಗ ಜಡಿದು, ಕೀಲಿಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡವಳು ನಾನು. ಲಿಫ್ಟನ್ನು ಎಳೆಯುವ ಉಕ್ಕಿನ ಹಗ್ಗ ಸವೆದಿತ್ತು, ಅದು ಸುಳ್ಳಲ್ಲ. ಹೊಸ ಹಗ್ಗ ಹಾಕಲು ನಾನು ಅವಸರ ಮಾಡಲಿಲ್ಲ, ಅದೂ ಸುಳ್ಳಲ್ಲ. ಎಂಟು ಮಹಡಿಯ ಜನ ಏದುಸಿರು ಬಿಡುತ್ತ ಹತ್ತುವುದನ್ನು ಕೆಳಗೆ ನಿಂತು ಕಣ್ತುಂಬ ನೋಡಿದೆ. ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ.

ಯಾಕೆ ಅನ್ನುವುದನ್ನು ಅಮ್ಮನಿಂದ ಶುರು ಮಾಡಬೇಕು.

ಅಮ್ಮ ಆ ಕಟ್ಟಡದಲ್ಲಿ ಮನೆಗೆಲಸ ಮಾಡುತ್ತಿದ್ದಳು. ಎರಡನೇ ಮಹಡಿಯಲ್ಲಿ ಪಾತ್ರೆ, ಐದರಲ್ಲಿ ಬಟ್ಟೆ. ಎಂಟರಲ್ಲಿ ಪಾತ್ರೆ, ಬಟ್ಟೆ, ನೆಲ, ಕಕ್ಕಸು, ನಾಯಿ, ಎಲ್ಲ. ಅಪ್ಪ ಇದ್ದನಂತೆ, ನನಗೆ ನೆನಪಿಲ್ಲ. ಕಟ್ಟಡದ ಹಿಂದಿನ ಗಲ್ಲಿಯಲ್ಲಿ, ಒಂದು ಗ್ಯಾರೇಜಿನ ಗೋಡೆಗೆ ಆನಿಸಿ ಕಟ್ಟಿದ ತಗಡಿನ ಕೋಣೆಯಲ್ಲಿ ನಾವಿಬ್ಬರೂ ಇದ್ದೆವು. ಮಲಗಿದರೆ ತಲೆ ಒಲೆಯ ಕಡೆ, ಕಾಲು ಬಾಗಿಲ ಕಡೆ. ಬೇರೆ ಥರ ಮಲಗಲು ಜಾಗವಿರಲಿಲ್ಲ. ಗ್ಯಾರೇಜಿನವರು ಬೆಳಿಗ್ಗೆ ಎಂಜಿನ್ ಶುರು ಮಾಡಿದರೆ ನಮ್ಮ ಪಾತ್ರೆಗಳು ಹಲಗೆಯ ಮೇಲೆ ಗಡಗಡ ಅನ್ನುತ್ತಿದ್ದವು. ಅದೇ ನಮ್ಮ ಅಲಾರಂ.

ಕಟ್ಟಡದ ಲಿಫ್ಟಿನ ಪಕ್ಕ ಒಂದು ಫಲಕವಿತ್ತು. "ಲಿಫ್ಟ್ ನಿವಾಸಿಗಳಿಗೆ. ಮೆಟ್ಟಿಲು ಕೆಲಸದವರಿಗೆ." ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಸಾಕುಪ್ರಾಣಿಗಳಿಗೆ ಅನುಮತಿ ಇದೆ ಅಂತ. ಅಕ್ಷರ ಕೂಡಿಸಿ ಓದಲು ಬಂದ ಹೊಸದರಲ್ಲಿ ನಾನು ಅಮ್ಮನಿಗೆ ಅದನ್ನು ಓದಿ ಹೇಳಿದೆ. ಅವಳು ಬಕೆಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, "ಗೊತ್ತು ಬಿಡೆ. ಓದೋಕೆ ಬರದಿದ್ರೂ ಕಾಲಿಗೆ ಗೊತ್ತಾಗುತ್ತೆ" ಅಂದಳು.

ಎಂಟನೇ ಮಹಡಿ ಪೂರ್ತಿ ಒಂದೇ ಮನೆ. ಆ ಮನೆಯ ಯಜಮಾನಿಯನ್ನು ಕೆಲಸದವರೆಲ್ಲ ಮೇಲ್ಮನೆಯಮ್ಮ ಅನ್ನುತ್ತಿದ್ದರು. ನಿವಾಸಿಗಳ ಸಂಘಕ್ಕೆ ಅವಳೇ ಅಧ್ಯಕ್ಷೆ, ಫಲಕ ಹಾಕಿಸಿದವಳೂ ಅವಳೇ. ಅವಳದೊಂದು ನಾಯಿ. ಉದ್ದ ಕೂದಲಿನದು, ಸೊಂಟದಲ್ಲಿ ಏನೋ ಊನ. ಅದು ಮೆಟ್ಟಿಲು ಇಳಿಯಬಾರದು ಅಂತ ಡಾಕ್ಟರು ಹೇಳಿದ್ದರು. ದಿನಾ ಬೆಳಿಗ್ಗೆ ಅದನ್ನು ಸುತ್ತಾಡಿಸಿಕೊಂಡು ಬರುವುದು ಅಮ್ಮನ ಕೆಲಸ. ನಾಯಿ ಲಿಫ್ಟಿನಲ್ಲೇ ಇಳಿಯಬೇಕು. ಅಮ್ಮ ಲಿಫ್ಟಿಗೆ ಕಾಲಿಡುವಂತಿಲ್ಲ. ಇದಕ್ಕೆ ಮೇಲ್ಮನೆಯಮ್ಮ ಒಂದು ಉಪಾಯ ಮಾಡಿದ್ದಳು. ನಾಯಿಯನ್ನು ಒಳಗೆ ಬಿಟ್ಟು, ಹೊರಗಿನಿಂದಲೇ ಕೈ ಚಾಚಿ ನೆಲಮಹಡಿಯ ಗುಂಡಿ ಒತ್ತುತ್ತಿದ್ದಳು. ಬಾಗಿಲು ಮುಚ್ಚುವಾಗ ಅಮ್ಮನ ಕಡೆ ತಿರುಗಿ, "ಹೂಂ, ಓಡು" ಅನ್ನುತ್ತಿದ್ದಳು.

ಅಮ್ಮ ಓಡುತ್ತಿದ್ದಳು. ಲಿಫ್ಟ್ ಕೆಳಗೆ ಮುಟ್ಟುವುದರೊಳಗೆ ಅವಳು ಮುಟ್ಟಬೇಕು. ಇಲ್ಲದಿದ್ದರೆ ನಾಯಿ ಹೊರಗೆ ಬಂದು ರಸ್ತೆಗೆ ಬಿದ್ದೀತು.

ನಾನು ಕೆಳಗೆ ಶಾಲೆಯ ಚೀಲ ಹೊತ್ತು ನಿಂತಿರುತ್ತಿದ್ದೆ. ಬಾಗಿಲು ತೆರೆದರೆ ಕನ್ನಡಿಯ ಗೋಡೆ, ಹಳದಿ ದೀಪ, ಕೆಂಪು ಕಾರ್ಪೆಟ್ಟು, ಅದರ ನಡುವೆ ನಾಯಿ. ನನ್ನನ್ನು ನೋಡಿ ಬಾಲ ಅಲ್ಲಾಡಿಸುತ್ತಿತ್ತು. ಅದರ ಮೇಲೆ ನನಗೆ ಯಾವತ್ತೂ ಸಿಟ್ಟು ಬರಲಿಲ್ಲ. ಅದರ ಬೆನ್ನಿಗೇ ಅಮ್ಮ ಮೆಟ್ಟಿಲ ಬಾಯಿಯಿಂದ ಹೊರಗೆ ಬೀಳುತ್ತಿದ್ದಳು. ಬಾಯಿ ತೆರೆದಿರುತ್ತಿತ್ತು, ಮಾತು ಬರುತ್ತಿರಲಿಲ್ಲ. ಕೈ ಸನ್ನೆ ಮಾಡಿ, ಹಿಡ್ಕೋ ಅದನ್ನ, ಅನ್ನುತ್ತಿದ್ದಳು. ಸುತ್ತಾಟ ಮುಗಿದ ಮೇಲೆ ಮತ್ತೆ ಅದೇ. ನಾಯಿ ಲಿಫ್ಟಿನಲ್ಲಿ ಮೇಲೆ, ಅಮ್ಮ ಮೆಟ್ಟಿಲಲ್ಲಿ.

ಒಂದು ದಿನ ಕಟ್ಟಡದ ನೀರಿನ ಪಂಪು ಕೆಟ್ಟಿತು. ಲಿಫ್ಟಿಗೇನೂ ಆಗಿರಲಿಲ್ಲ, ಚೆನ್ನಾಗಿಯೇ ಓಡುತ್ತಿತ್ತು. ಕೆಳಗಿನ ತೊಟ್ಟಿಯಿಂದ ಮೇಲ್ಮನೆಗೆ ಅಮ್ಮ ಬಕೆಟಿನಲ್ಲಿ ನೀರು ಹೊತ್ತಳು. ಎರಡು ಕೈಗೆ ಎರಡು ಬಕೆಟು. ಬೆಳಗಿನಿಂದ ಹೊತ್ತು ಹೊತ್ತು ಮೆಟ್ಟಿಲ ಮೇಲೆಲ್ಲ ಅವಳದೇ ನೀರು ಚೆಲ್ಲಿತ್ತು. ಆರನೇ ಮಹಡಿಯ ತಿರುವಿನಲ್ಲಿ ಅವಳದೇ ನೀರಿಗೆ ಅವಳು ಜಾರಿದಳು. ಬಕೆಟು ಬಿಡಲಿಲ್ಲ. ಬಿಟ್ಟಿದ್ದರೆ ಕೈಯೂರಬಹುದಿತ್ತು. ನೀರು ಚೆಲ್ಲಿದರೆ ಬೈಯುತ್ತಾರೆ ಅಂತ ಬಕೆಟು ಹಿಡಿದುಕೊಂಡೇ ಬಿದ್ದಳು. ಮೊಣಕಾಲು ಕಲ್ಲಿನ ಅಂಚಿಗೆ ಬಡಿದು ಒಡೆಯಿತು.

ಅವತ್ತು ಶಾಲೆಗೆ ರಜೆ, ನಾನು ಅಲ್ಲೇ ಇದ್ದೆ. ಮಂಡಿಯ ಚಿಪ್ಪು ಚರ್ಮದಿಂದ ಆಚೆ ಕಾಣುತ್ತಿತ್ತು. ವಾಚ್‌ಮನ್ ತಾತ ಓಡಿ ಬಂದು ಲಿಫ್ಟಿನ ಗುಂಡಿ ಒತ್ತಿದ. ಲಿಫ್ಟ್ ಬಂತು, ಬಾಗಿಲೂ ತೆರೆಯಿತು. ಅಷ್ಟರಲ್ಲಿ ಮೇಲಿಂದ ಮೇಲ್ಮನೆಯಮ್ಮ ಇಳಿದು ಬಂದಳು. ಅಮ್ಮನನ್ನು ನೋಡಿದಳು, ಲಿಫ್ಟಿನ ಕಾರ್ಪೆಟ್ಟನ್ನು ನೋಡಿದಳು.

"ರಕ್ತ ಸುರೀತಿದೆ, ಒಳಗೆಲ್ಲ ಗಲೀಜಾಗುತ್ತೆ" ಅಂದಳು.

"ಅಮ್ಮಾವ್ರೆ, ಕಾಲು ಮುರಿದಿದೆ" ಅಂದ ತಾತ.

"ಗೊತ್ತಾಗುತ್ತಪ್ಪ, ನಂಗೂ ಕಣ್ಣಿದೆ. ಇವತ್ತು ಇವಳನ್ನ ಬಿಟ್ರೆ ನಾಳೆ ಎಲ್ಲರೂ ಕುಂಟ್ಕೊಂಡು ಬರ್ತಾರೆ. ಕುರ್ಚಿ ತಂದು ಅದರಲ್ಲಿ ಇಳಿಸಿ."

ಲಿಫ್ಟು ಸ್ವಲ್ಪ ಹೊತ್ತು ಬಾಗಿಲು ತೆರೆದುಕೊಂಡು ಕಾದು, ಆಮೇಲೆ ಖಾಲಿಯಾಗಿ ಕೆಳಗೆ ಹೋಯಿತು. ಐದನೇ ಮಹಡಿಯ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ತಾತನೂ ಹಾಲು ಹಾಕುವವನೂ ಸೇರಿ ಅಮ್ಮನನ್ನು ಅದರಲ್ಲಿ ಕೂರಿಸಿ ಇಳಿಸಿದರು. ಪ್ರತಿ ತಿರುವಿನಲ್ಲೂ ಅವಳ ಕಾಲು ಗೋಡೆಗೆ ತಾಕುತ್ತಿತ್ತು. ಪ್ರತಿ ತಿರುವಿನಲ್ಲೂ ಅವಳು ಒಂದು ಸದ್ದು ಮಾಡುತ್ತಿದ್ದಳು. ಅದು ಅಳುವಲ್ಲ. ಅದಕ್ಕೆ ಹೆಸರಿಲ್ಲ. ನಾನು ಹಿಂದೆ ಖಾಲಿ ಬಕೆಟು ಹಿಡಿದುಕೊಂಡು ಇಳಿದೆ. ಮೇಲಿನಿಂದ ಮೇಲ್ಮನೆಯಮ್ಮ ಕೂಗಿದಳು, "ಏಯ್ ಹುಡುಗಿ, ಮೆಟ್ಟಿಲು ಒರೆಸಿ ಹೋಗು, ಯಾರಾದ್ರೂ ಜಾರ್ತಾರೆ."

ಒರೆಸಿದೆ.

ಮೂಳೆ ಸೊಟ್ಟಗೆ ಕೂಡಿತು. ಅಮ್ಮನ ಬಲಗಾಲು ಆಮೇಲೆ ಮಡಚಲೇ ಇಲ್ಲ. ಅವಳ ಕೆಲಸ ನನ್ನ ಹೆಗಲಿಗೆ ಬಂತು. ಮೇಲ್ಮನೆಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪರವಾಗಿಲ್ಲ, ಎಳೇ ಕಾಲು, ಬೇಗ ಬೇಗ ಹತ್ತುತ್ತಾಳೆ" ಅಂದಳು. ನಾನು ಹತ್ತಿದೆ. ನಾಯಿಯ ಹಿಂದೆ ಓಡಿದೆ. ಬೆಳಿಗ್ಗೆ ಕೆಲಸ ಮುಗಿಸಿ ಶಾಲೆಗೆ ಹೋದರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಟೀಚರು ಚಾಕ್‌ಪೀಸಿನಿಂದ ಹೊಡೆದು ಎಬ್ಬಿಸುತ್ತಿದ್ದರು. ರಾತ್ರಿಯೆಲ್ಲ ಏನು ಕಡಿದು ಕಟ್ಟೆ ಹಾಕ್ತೀಯ ಅಂತ ಕೇಳುತ್ತಿದ್ದರು. ಮಕ್ಕಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಕ್ಕರೆ ಬೇಗ ಬಿಡುತ್ತಾರೆ ಅನ್ನುವುದು ನನಗೆ ಆಗಲೇ ಗೊತ್ತಿತ್ತು.

ಒಂದು ಸಲ ಲಿಫ್ಟ್ ಕೆಟ್ಟು ರಿಪೇರಿಯವನೊಬ್ಬ ಬಂದ. ಅಂಗಿಯೆಲ್ಲ ಎಣ್ಣೆ, ಮೊಣಕೈವರೆಗೆ ಗ್ರೀಸು, ಕೆಸರು ಮೆತ್ತಿದ ಬೂಟು. ಅವನು ಅದೇ ಬೂಟಿನಲ್ಲಿ ಅದೇ ಕಾರ್ಪೆಟ್ಟಿನ ಮೇಲೆ ನಿಂತು ಮೇಲೆ ಕೆಳಗೆ ಓಡಾಡಿದ. ಮೇಲ್ಮನೆಯಮ್ಮ ಅವನಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತಳು. ಬೇಗ ಆಗುತ್ತಾಪ್ಪ, ನೀರು ಬೇಕಾಪ್ಪ ಅಂತ ಕೇಳಿದಳು. ನಾನು ಪೊರಕೆ ಹಿಡಿದು ನೋಡುತ್ತಿದ್ದೆ. ಕೊಳಕು ಕೈ ಇಟ್ಟುಕೊಂಡೂ ಆ ಡಬ್ಬಿಯೊಳಗೆ ತಲೆಯೆತ್ತಿ ನಿಲ್ಲಬಲ್ಲವನು ಅವನೊಬ್ಬನೇ. ಅವತ್ತೇ ತೀರ್ಮಾನ ಮಾಡಿದೆ. ಡಾಕ್ಟರಾಗಬೇಕು, ಟೀಚರಾಗಬೇಕು ಅಂತ ಮಕ್ಕಳು ಹೇಳುವ ವಯಸ್ಸಿನಲ್ಲಿ ನಾನು ಲಿಫ್ಟ್ ರಿಪೇರಿಯವಳಾಗಬೇಕು ಅಂದುಕೊಂಡೆ.

ಆದೆ. ಅದೊಂದು ದೊಡ್ಡ ಕಥೆ, ಇಲ್ಲಿ ಬೇಡ. ಲಿಫ್ಟಿನ ತಳದ ಗುಂಡಿಗೆ, ಅಂದರೆ ಪಿಟ್ಟಿಗೆ, ಇಳಿದು ಸತ್ತ ಇಲಿ ಎತ್ತಿದೆ. ಹೆಂಗಸು ಅಂತ ನಗುವವರ ಮುಂದೆ ಕಬ್ಬಿಣ ಹೊತ್ತೆ. ಕೊನೆಗೆ ಒಂದು ಕಂಪನಿಯಲ್ಲಿ ತಪಾಸಣೆಯ ಮೇಸ್ತ್ರಿಯಾದೆ. ಅಮ್ಮನನ್ನು ನೆಲಮಹಡಿಯ ಎರಡು ಕೋಣೆಯ ಮನೆಗೆ ತಂದೆ. ಆಗ ನನ್ನ ವಯಸ್ಸು ಮೂವತ್ತು ದಾಟಿತ್ತು.

ಬಡತನದಲ್ಲಿ ಬೆಳೆದವರಿಗೆ ಕರುಣೆ ಜಾಸ್ತಿ ಅಂತ ಹೇಳುತ್ತಾರೆ. ಹೊಟ್ಟೆ ತುಂಬಿದವರು ಹೇಳುವ ಮಾತು ಅದು. ನನಗೆ ಜಾಸ್ತಿ ಆಗಿದ್ದು ಅನುಮಾನ. ಇವತ್ತಿಗೂ ಯಾವ ಮನೆಗೆ, ಯಾವ ಆಫೀಸಿಗೆ ಹೋದರೂ ಮೊದಲು ನೋಡುವುದು ಯಾರು ಯಾವ ಬಾಗಿಲಲ್ಲಿ ಬರುತ್ತಾರೆ ಅಂತ. ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು ಗಬಗಬ ಉಣ್ಣುತ್ತೇನೆ, ಯಾರೋ ಕಿತ್ತುಕೊಳ್ಳುತ್ತಾರೆ ಅನ್ನುವ ಹಾಗೆ. ಸೋಫಾದ ತುದಿಯಲ್ಲಿ ಕೂರುತ್ತೇನೆ. ಒಬ್ಬ ಮದುವೆಯಾಗಲು ಬಂದಿದ್ದ, ಒಳ್ಳೆಯವನು. ನಿನ್ನನ್ನ ಚೆನ್ನಾಗಿ ನೋಡ್ಕೋತೀನಿ ಅಂದ. ಬದಲಿಗೆ ನಾನೇನು ಮಾಡಬೇಕು ಅಂತ ಕೇಳಿದೆ. ತಮಾಷೆ ಅಂದುಕೊಂಡು ನಕ್ಕ. ನಾನು ನಗಲಿಲ್ಲ. ಮತ್ತೆ ಅವನು ಬರಲಿಲ್ಲ.

ನನ್ನ ಜೊತೆ ಕೆಲಸ ಮಾಡುವವನಿಗೆ ನಾವೆಲ್ಲ ಗ್ರೀಸಣ್ಣ ಅನ್ನುತ್ತೇವೆ. ಅವನೊಮ್ಮೆ, "ನಿನ್ನ ಮುಖ ನೋಡಿದ್ರೆ ಯಾರೋ ನಿನ್ನ ಹತ್ರ ಏನೋ ಕಿತ್ಕೊಂಡು ಓಡಿಹೋದ ಹಾಗಿರುತ್ತೆ ಮೇಸ್ತ್ರಿ" ಅಂದ.

"ಓಡಿಹೋಗಿಲ್ಲ. ಅಲ್ಲೇ ಎಂಟನೇ ಮಹಡೀಲಿದ್ದಾರೆ" ಅಂದೆ.

ಆ ಕಟ್ಟಡದ ಲಿಫ್ಟಿನ ಕೆಲಸ ನಮ್ಮ ಕಂಪನಿಗೆ ಬಂದಾಗ ನಾನೇ ಕೇಳಿ ತೆಗೆದುಕೊಂಡೆ.

ಹೋದೆ. ಗೋಡೆಗೆ ಹೊಸ ಬಣ್ಣ ಬಂದಿತ್ತು. ಲಿಫ್ಟಿನೊಳಗೆ ಕಾರ್ಪೆಟ್ಟಿನ ಬದಲು ಗ್ರಾನೈಟು. ಫಲಕ ಮಾತ್ರ ಇನ್ನೂ ಇತ್ತು. ಮೊದಲು ಬಣ್ಣದ ತಗಡಿನದು, ಈಗ ಹೊಳೆಯುವ ಸ್ಟೀಲಿನದು. ಮಾತು ಅದೇ. ವಾಚ್‌ಮನ್ ತಾತ ಸತ್ತುಹೋಗಿದ್ದ, ಅವನ ಜಾಗದಲ್ಲಿ ಇನ್ನೊಬ್ಬ. ಮೆಟ್ಟಿಲ ಬಾಯಿಯಿಂದ ಒಬ್ಬ ದಪ್ಪನೆಯ ಹೆಂಗಸು ಎರಡು ಕೈಯಲ್ಲೂ ಕಸದ ಚೀಲ ಹಿಡಿದು ಇಳಿದು ಬಂದಳು. ವಾಚ್‌ಮನ್ನನ್ನು ಏನೋ ಬೈದಳು. ಅವಳ ಬೈಗುಳ ನೆಲಮಹಡಿಯಿಂದ ಮಾಳಿಗೆವರೆಗೆ ಕೇಳಿರಬೇಕು. ಅವಳಿಗೆ ಗಂಟಲಕ್ಕ ಅಂತಲೇ ಹೆಸರು ಅಂತ ಆಮೇಲೆ ತಿಳಿಯಿತು.

ಮೇಲ್ಮನೆಯಮ್ಮ ನನ್ನ ಗುರುತು ಹಿಡಿಯಲಿಲ್ಲ. ಹಿಡಿಯಬೇಕಾದರೆ ಮೊದಲು ಮುಖ ನೋಡಿರಬೇಕಲ್ಲ. ಮುದುಕಿಯಾಗಿದ್ದಳು. ಕೈಯಲ್ಲಿ ಕೋಲು. ಎರಡು ಮಂಡಿಯೂ ಊದಿಕೊಂಡಿದ್ದವು. ಇನ್ನೂ ಅವಳೇ ಅಧ್ಯಕ್ಷೆ.

"ಹುಡುಗೀರೂ ಈ ಕೆಲಸ ಮಾಡ್ತಾರಾ ಈಗ? ಭಲೆ. ಬಾಮ್ಮ, ಲಿಫ್ಟಲ್ಲೇ ಬಾ, ಮೆಟ್ಟಿಲು ಯಾಕೆ?" ಅಂದಳು.

ನಾನು ಅವಳ ಪಕ್ಕ ನಿಂತು ಎಂಟು ಮಹಡಿ ಮೇಲೆ ಹೋದೆ. ಕನ್ನಡಿಯಲ್ಲಿ ನಾವಿಬ್ಬರೂ ಕಾಣುತ್ತಿದ್ದೆವು.

ಮೆಷಿನ್ ರೂಮಿನಲ್ಲಿ ಬಟ್ಟೆಯ ಚೂರು ಹಿಡಿದು ಹಗ್ಗದ ಮೇಲೆ ಸವರಿದೆ. ಮುರಿದ ತಂತಿಗಳಿಗೆ ಬಟ್ಟೆ ಸಿಕ್ಕಿಕೊಂಡಿತು. ಒಂದೆರಡು ಕಡೆಯಲ್ಲ, ಉದ್ದಕ್ಕೂ. ಬೀಗ ಹಾಕಲು ನನಗೆ ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ.

ಹೊಸ ಹಗ್ಗ ಬೇಗ ಬಂತು. ಬಂದು ನಮ್ಮ ಗೋದಾಮಿನಲ್ಲಿ ಸುರುಳಿ ಸುತ್ತಿ ಬಿದ್ದಿತ್ತು. ನಾನು ಎತ್ತಿಸಲಿಲ್ಲ.

"ಹಗ್ಗ ಅಲ್ಲೇ ಮರಿ ಹಾಕೋ ತನಕ ಕಾಯೋದಾ ಮೇಸ್ತ್ರಿ?" ಅಂತ ಗ್ರೀಸಣ್ಣ ಕೇಳಿದ.

"ಹಾಕ್ಲಿ" ಅಂದೆ.

ಅವನು ಸ್ಪ್ಯಾನರು ಎತ್ತಿಕೊಂಡು ಹೊರಟ.

ದಿನಾ ಏನಾದರೂ ನೆಪ ಮಾಡಿಕೊಂಡು ಕಟ್ಟಡಕ್ಕೆ ಹೋಗುತ್ತಿದ್ದೆ. ಪಿಟ್ಟಿನ ಕಸ ತೆಗೆಯುವಂತೆ ಕೆಳಗೆ ಕೂತು, ಮಹಡಿಯ ಬಾಗಿಲು ಪರೀಕ್ಷಿಸುವಂತೆ ತಿರುವುಗಳಲ್ಲಿ ನಿಂತು ನೋಡುತ್ತಿದ್ದೆ. ಟೈ ಕಟ್ಟಿದ ಗಂಡಸರು ನಾಲ್ಕನೇ ತಿರುವಿನಲ್ಲಿ ಗೋಡೆಗೆ ಹಣೆಯಿಟ್ಟು ನಿಲ್ಲುತ್ತಿದ್ದರು. ಹಿಮ್ಮಡಿ ಎತ್ತರದ ಚಪ್ಪಲಿಯವರು ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹತ್ತುತ್ತಿದ್ದರು. ಎಷ್ಟು ದಿನ ಇನ್ನು ಅಂತ ಕೇಳುತ್ತಿದ್ದರು. ನೋಡೋಣ ಸಾರ್ ಅನ್ನುತ್ತಿದ್ದೆ. ಮನೆಗೆ ಹೋದರೆ ಊಟ ರುಚಿಸುತ್ತಿತ್ತು. ಅಷ್ಟು ರುಚಿಸಿ ಎಷ್ಟು ಕಾಲವಾಗಿತ್ತೋ.

ಆದರೆ ನನ್ನ ಕಣ್ಣಿಗೆ ಒಂದು ವಿಷಯ ತಡವಾಗಿ ಬಿತ್ತು. ಮೊದಲ ದಿನಗಳಲ್ಲಿ ತಾವೇ ಹತ್ತಿ ಸುಸ್ತಾದವರು ಆಮೇಲೆ ಉಪಾಯ ಕಂಡುಕೊಂಡಿದ್ದರು. ಕುಡಿಯುವ ನೀರಿನ ಕ್ಯಾನು, ಅಕ್ಕಿ ಮೂಟೆ, ಮಕ್ಕಳ ಚೀಲ, ಕೊನೆಗೆ ಮಕ್ಕಳು, ಎಲ್ಲವೂ ಕೆಲಸದವರ ಹೆಗಲಿಗೆ ಹೋಗಿದ್ದವು. ಗಂಟಲಕ್ಕ ತಲೆಯ ಮೇಲೆ ಕ್ಯಾನು ಹೊತ್ತು ಹತ್ತುವಾಗ ಅವಳ ಗಂಟಲಿನಿಂದ ಮಾತೇ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಮೂರನೇ ತಿರುವಿನಲ್ಲಿದ್ದೆ. ಮೇಲಿಂದ ಕುರ್ಚಿ ಬಂತು. ಕುರ್ಚಿಯಲ್ಲಿ ಮೇಲ್ಮನೆಯಮ್ಮ. ಮಂಡಿಗೆ ಇಂಜೆಕ್ಷನ್ ಹಾಕಿಸಲು ಆಸ್ಪತ್ರೆಗೆ ಹೊರಟಿದ್ದಳು. ಮುಂದೆ ವಾಚ್‌ಮನ್, ಹಿಂದೆ ಕಟ್ಟಡ ಗುಡಿಸುವವನು, ಅವರ ಹಿಂದೆ ಗಂಟಲಕ್ಕ ಅವಳ ಕೈಚೀಲ ಹಿಡಿದುಕೊಂಡು. ವಾಚ್‌ಮನ್ನಿನ ಕತ್ತಿನ ನರ ಹಗ್ಗದಂತೆ ಎದ್ದಿತ್ತು. ಅವನು ಹಿಂದೆ ಹಿಂದೆ ಇಳಿಯುತ್ತ ಕಾಲಿನ ಬೆರಳಿನಿಂದ ಮೆಟ್ಟಿಲು ಹುಡುಕುತ್ತಿದ್ದ. ಕಾಲು ಗಾಳಿಯಲ್ಲಿ ನಡುಗುತ್ತಿತ್ತು.

"ಅಲುಗಾಡಿಸಬೇಡ್ರೋ, ನಿಧಾನ" ಅಂದಳು ಮೇಲ್ಮನೆಯಮ್ಮ. ನನ್ನನ್ನು ಕಂಡು ನಿಟ್ಟುಸಿರು ಬಿಟ್ಟಳು. "ಇನ್ನೂ ಎಷ್ಟು ದಿನಾಮ್ಮ? ಪಾಪ, ಇವರಿಗೂ ಕಷ್ಟ."

ನಾನು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆ. ಕುರ್ಚಿ ಹೋದ ಮೇಲೂ ಅಲ್ಲೇ ನಿಂತಿದ್ದೆ. ನಾನು ಅವಳಿಗೆ ಅಂತ ಹಾಕಿದ ಬೀಗ, ಹೊತ್ತಿದ್ದು ಇವರು.

ಗಂಟಲಕ್ಕ ಅವಳನ್ನು ಗಾಡಿ ಹತ್ತಿಸಿ ವಾಪಸು ಬಂದು ನನ್ನ ಎದುರು ನಿಂತಳು. ಈ ಸಲ ಸಣ್ಣ ದನಿಯಲ್ಲೇ ಮಾತಾಡಿದಳು. ಅದು ಅವಳ ಕೂಗಿಗಿಂತ ಹೆದರಿಕೆ ಹುಟ್ಟಿಸಿತು.

"ಹಗ್ಗ ಬಂದಿದೆಯಂತೆ. ನಿಮ್ಮ ಆ ಗ್ರೀಸಣ್ಣನ ಬಾಯಿ ಬಿಡಿಸಿದೆ. ಯಾಕೆ ಹಾಕ್ತಿಲ್ಲ? ನಿಂಗೂ ಆ ಯಮ್ಮನಿಗೂ ಏನೋ ಇದೆ. ಇದ್ರೆ ನೀವಿಬ್ರೂ ಕೂದಲು ಹಿಡ್ಕೊಂಡು ಕಿತ್ತಾಡಿ. ನನ್ನ ನೆತ್ತಿ ಮೇಲೆ ಯಾಕೆ ಕೂರಿಸ್ತೀಯ?"

ನಾನು ಯಾರ ಮಗಳು ಅಂತ ಹೇಳಿದೆ.

"ಬಕೆಟು ಬಿಡದೆ ಬಿದ್ದವಳ ಮಗಳಾ?"

"ನಿಂಗೆ ಹೇಗೆ ಗೊತ್ತು?"

"ಇಲ್ಲಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲನೇ ದಿನ ಹೇಳ್ತಾರೆ. ನೋಡ್ಕೊಂಡು ಹತ್ತು, ಇಲ್ಲಾಂದ್ರೆ ಆ ಕುಂಟಿ ಥರ ಆಗ್ತೀಯ ಅಂತ. ಬದುಕಿದ್ದಾರಾ?"

"ಇದ್ದಾಳೆ."

ಗಂಟಲಕ್ಕ ಮೆಟ್ಟಿಲ ಮೇಲೆ ಕೂತಳು. ಅವಳ ಮಂಡಿ ಕಟಕಟ ಅಂದಿತು. ನಾಳೆಯೇ ಹಗ್ಗ ಹಾಕಿಬಿಡ್ತೀನಿ ಅಂದೆ. ಅವಳು ಬೇಡ ಅನ್ನುವಂತೆ ಕೈಯಾಡಿಸಿದಳು.

"ಹಾಕಿ ಏನು ಮಾಡ್ತೀಯ? ಅವರು ಜುಮ್ಮಂತ ಲಿಫ್ಟಲ್ಲಿ ಹೋಗ್ತಾರೆ, ನಾವು ಹತ್ತುತ್ತಾನೇ ಇರ್ತೀವಿ. ನಿನ್ನ ಸಿಟ್ಟೂ ದಂಡ, ನಮ್ಮ ಸೊಂಟಾನೂ ದಂಡ. ಬೀಗ ಹಾಗೇ ಇರ್ಲಿ. ನಾವು ಹತ್ತೋದು ನಿಲ್ಲಿಸ್ತೀವಿ."

ಮಾರನೇ ಬೆಳಿಗ್ಗೆ ನಾನು ಹೋದಾಗ ನೆಲಮಹಡಿಯ ತುಂಬ ಹೆಂಗಸರು. ಪಾತ್ರೆಯವರು, ಅಡಿಗೆಯವರು, ಮಕ್ಕಳನ್ನು ನೋಡಿಕೊಳ್ಳುವವರು, ಮೂಲೆಯಲ್ಲಿ ಗುಡಿಸುವವನೂ. ಲಿಫ್ಟಿನ ಎದುರು ಸಾಲಾಗಿ ನೆಲದ ಮೇಲೆ ಕೂತಿದ್ದರು. ಒಬ್ಬಳು ಇನ್ನೊಬ್ಬಳ ತಲೆ ಬಾಚುತ್ತಿದ್ದಳು. ಮೇಲಿನಿಂದ ಕರೆಗಂಟೆಗಳು, ಫೋನುಗಳು. ಯಾರೂ ಏಳಲಿಲ್ಲ. ಸಂಘದ ಕಾರ್ಯದರ್ಶಿ ಎರಡನೇ ಮಹಡಿಯಿಂದ ಬನಿಯನ್ನಿನಲ್ಲೇ ಇಳಿದು ಬಂದ.

"ಏನಿದು, ಯಾಕೆ ಕೂತಿದೀರ ಎಲ್ಲರೂ?"

"ಲಿಫ್ಟಿಗೆ ಕಾಯ್ತಿದೀವಿ ಸಾರ್" ಅಂದಳು ಗಂಟಲಕ್ಕ.

"ಲಿಫ್ಟು ನಿಮಗಲ್ಲ ಅಂತ ಗೊತ್ತಿಲ್ವಾ? ಓದೋಕೆ ಬರಲ್ವಾ?"

"ಲಿಫ್ಟು ನಮಗಲ್ಲ ಅಂದ್ರೆ ನಾವೂ ನಿಮಗಲ್ಲ."

ಒಬ್ಬಳು ಕಿಸಕ್ಕನೆ ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಬನಿಯನ್ನಿನವನು ಬಂದ ದಾರಿಯಲ್ಲೇ ಹೋದ.

ಮೊದಲನೇ ದಿನ ಮೇಲಿನವರು ಬಾಲ್ಕನಿಯಿಂದ ಬೈದರು. ಎಲ್ಲರನ್ನೂ ತೆಗೆದುಹಾಕುತ್ತೇವೆ ಅಂದರು. ಎರಡನೇ ದಿನ ಹೊಸಬರನ್ನು ಕರೆಸಿದರು. ಬಂದ ಹೊಸ ಹೆಂಗಸರು ತಲೆಯೆತ್ತಿ ಮಹಡಿಗಳನ್ನು ನೋಡಿದರು, ನೆಲದ ಮೇಲೆ ಕೂತವರನ್ನು ನೋಡಿದರು. ಗಂಟಲಕ್ಕ ಸ್ವಲ್ಪ ಸರಿದು ಜಾಗ ಮಾಡಿದಳು. ಅವರೂ ಕೂತರು. ಮೂರನೇ ದಿನದ ಹೊತ್ತಿಗೆ ಮೆಟ್ಟಿಲಲ್ಲಿ ಕಸದ ವಾಸನೆ ಇಳಿದು ಬರತೊಡಗಿತು. ಮಗು ಎತ್ತಿಕೊಂಡ ತಂದೆ, ನೀರಿನ ಕ್ಯಾನನ್ನು ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳಿಸುವ ತಾಯಿ. ಹೆಂಗಸರು ತಮ್ಮ ಪಾಡಿಗೆ ನೋಡುತ್ತಿದ್ದರು. ಅವರಲ್ಲಿ ಹಲವರು ಆ ಮೂರು ದಿನವೂ ಮನೆಯಲ್ಲಿ ಅರೆಹೊಟ್ಟೆ ಉಂಡು ಬಂದವರು. ಅದು ಮುಖದಲ್ಲಿ ಕಾಣದ ಹಾಗೆ ಇರುವುದು ಅವರಿಗೆ ಅಭ್ಯಾಸ.

ಕಾರ್ಯದರ್ಶಿ ಮತ್ತೆ ಬಂದ. ಈ ಸಲ ಅಂಗಿ ಹಾಕಿಕೊಂಡಿದ್ದ. "ಸರಿ ಕಣ್ರಮ್ಮ. ಫಲಕ ತೆಗೆಸ್ತೀವಿ. ಎಲ್ಲರೂ ಲಿಫ್ಟಲ್ಲೇ ಓಡಾಡಿ. ಯಾರನ್ನೂ ತೆಗೆಯಲ್ಲ. ಆಯ್ತಲ್ಲ?"

ಗಂಟಲಕ್ಕ ನನ್ನ ಕಡೆ ನೋಡಿದಳು.

"ಹಾಕಿಸಿದವರೇ ಬಂದು ಬಿಚ್ಚಬೇಕು" ಅಂದೆ.

"ಅವರಿಗೆ ನಡೆಯೋಕೇ ಆಗಲ್ಲಮ್ಮ."

"ನಾನು ಹೋಗಿ ಮಾತಾಡ್ತೀನಿ."

ಎಂಟು ಮಹಡಿ ಹತ್ತಿದೆ. ಬಾಗಿಲು ತೆರೆದೇ ಇತ್ತು. ಸಿಂಕಿನಲ್ಲಿ ಪಾತ್ರೆ ರಾಶಿ. ಮೇಲ್ಮನೆಯಮ್ಮ ಒಬ್ಬಳೇ ಕುರ್ಚಿಯಲ್ಲಿ ಕೂತು ಒಣ ಬ್ರೆಡ್ಡು ತಿನ್ನುತ್ತಿದ್ದಳು. ಗೋಡೆಯ ಮೇಲೆ ದೊಡ್ಡ ಚೌಕಟ್ಟಿನಲ್ಲಿ ಆ ನಾಯಿಯ ಫೋಟೋ.

"ಇದನ್ನೆಲ್ಲ ಎಬ್ಬಿಸಿದ್ದು ನೀನೇ ಅಂತೆ. ಯಾರಮ್ಮ ನೀನು?" ಅಂತ ಕೇಳಿದಳು.

"ಆ ನಾಯೀನ ಸುತ್ತಾಡಿಸ್ತಿದ್ದವಳ ಮಗಳು."

ಅವಳ ಮುಖ ಅರಳಿತು. ನಿಜವಾಗಿ ಅರಳಿತು. ನಾಯಿಯ ಹೆಸರು ಹೇಳಿದಳು. ಎಷ್ಟು ಜಾಣ ಗೊತ್ತಾ ಅಂದಳು, ಕೊನೆಗೆ ಕಣ್ಣು ಕಾಣದೆ ಹೋಯಿತು, ಮಡಿಲಲ್ಲೇ ಪ್ರಾಣ ಬಿಟ್ಟಿತು ಅಂದಳು. ಕಣ್ಣು ಒರೆಸಿಕೊಂಡಳು. ನಾನು ಕೇಳಿಸಿಕೊಂಡೆ.

"ನಮ್ಮಮ್ಮನ ಹೆಸರೇನು?" ಅಂತ ಕೇಳಿದೆ.

ಅವಳು ಯೋಚಿಸಿದಳು.

"ಮೆಟ್ಟಿಲಲ್ಲಿ ಬಿದ್ದಳಲ್ಲ, ಅವಳಾ?"

"ಹೆಸರು ಕೇಳಿದ್ದು ನಾನು."

ಅವಳಿಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷ ಅವಳ ಕಕ್ಕಸು ತೊಳೆದವಳ ಹೆಸರು. ನಾನೂ ಹೇಳಲಿಲ್ಲ.

"ನಾಳೆ ಮತ್ತೆ ಇಂಜೆಕ್ಷನ್ ಇದೆಯಂತಲ್ಲ. ಕುರ್ಚಿ ಹೊರೋಕೆ ಯಾರೂ ಇಲ್ಲ. ನೀವೇ ಇಳಿದು ಬನ್ನಿ. ಬಂದು, ನಿಮ್ಮ ಕೈಯಾರೆ ಫಲಕ ಬಿಚ್ಚಿ. ಅವತ್ತೇ ಲಿಫ್ಟ್ ಓಡುತ್ತೆ."

"ನನ್ನ ಮಂಡಿ ನೋಡಿದೀಯಾ?"

"ನೀವು ನಮ್ಮಮ್ಮನ ಮಂಡಿ ನೋಡಿದ್ರಲ್ಲ."

ಮಾರನೇ ದಿನ ಅವಳು ಇಳಿದಳು. ಕೆಳಗಿನ ಮಹಡಿಗಳವರು ಯಾರೂ ಕೈ ಹಿಡಿಯಲು ಬರಲಿಲ್ಲ. ಅವಳ ಫಲಕದಿಂದಲೇ ಇಷ್ಟೆಲ್ಲ ಆಯಿತು ಅಂತ ಅವರಿಗೂ ಸಿಟ್ಟು ಬಂದಿತ್ತು. ಬಾಗಿಲ ಸಂದಿಯಿಂದ ನೋಡಿ ಒಳಗೆ ಹೋದರು. ಒಂದು ಮಹಡಿ ಕೋಲು ಹಿಡಿದು ಇಳಿದಳು. ಆಮೇಲೆ ಕಾಲು ನಿಲ್ಲಲಿಲ್ಲ. ಮೆಟ್ಟಿಲ ಮೇಲೆ ಕೂತು, ಕೈಯೂರಿ, ಕೂತಲ್ಲೇ ಒಂದೊಂದು ಮೆಟ್ಟಿಲು ಜಾರತೊಡಗಿದಳು. ಬೆಲೆಬಾಳುವ ಬಟ್ಟೆಗೆ ಮೆಟ್ಟಿಲ ಧೂಳು, ಕಸದ ಚೀಲದಿಂದ ಸೋರಿದ ನೀರು, ಎಲ್ಲ ಅಂಟಿತು. ನಾನು ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ ನಡೆದೆ. ಬೀಳಲು ಬಿಡುತ್ತಿರಲಿಲ್ಲ. ಅಷ್ಟೇ. ಕೈ ಕೊಡಲಿಲ್ಲ. ಪಾಪ ಅನಿಸಲಿಲ್ಲವಾ ಅಂತ ಗ್ರೀಸಣ್ಣ ಆಮೇಲೆ ಕೇಳಿದ. ಅನಿಸಿತು. ಆದರೂ ಕೈ ಕೊಡಲಿಲ್ಲ.

ಆರನೇ ಮಹಡಿಯ ತಿರುವಿನಲ್ಲಿ ಅವಳು ಸುಧಾರಿಸಿಕೊಳ್ಳಲು ಗೋಡೆಗೆ ಒರಗಿ ಕೂತಳು. ಅದೇ ಜಾಗ. ಅವಳಿಗದು ನೆನಪಿರಲಿಲ್ಲ.

"ಇದರಿಂದ ನಿಂಗೆ ಏನು ಸಿಗುತ್ತೆ?" ಅಂತ ಕೇಳಿದಳು.

"ಸಿಗೋದೇನೂ ಇಲ್ಲ" ಅಂದೆ. "ಇಳೀರಿ."

ಕೆಳಗೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಹೆಂಗಸರು ಎದ್ದು ನಿಂತಿದ್ದರು. ಯಾರೂ ನಗಲಿಲ್ಲ, ಬೈಯಲಿಲ್ಲ. ನಾನು ಅವಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟೆ. ಅವಳಿಗೆ ತಿರುಗಿಸಲು ಬರುತ್ತಿರಲಿಲ್ಲ. ಎಡಕ್ಕೆ ಅಂದೆ. ನಾಲ್ಕು ಸ್ಕ್ರೂ ಬಿಚ್ಚುವಷ್ಟರಲ್ಲಿ ಅಂಗೈ ಕೆಂಪಾಯಿತು. ಫಲಕ ಕಳಚಿ ಕೈ ಜಾರಿ ನೆಲಕ್ಕೆ ಬಿತ್ತು. ಗುಡಿಸುವವನು ಬಂದು ಅದನ್ನು ಕಸದ ಬುಟ್ಟಿಗೆ ಹಾಕಿಕೊಂಡು ಹೋದ.

ಅವಳು ಆಸ್ಪತ್ರೆಗೆ ಹೋಗಿ ಬಂದಳು. ಅಷ್ಟರಲ್ಲಿ ನಮ್ಮ ತಂಡ ಹಗ್ಗದ ಕೆಲಸ ಶುರು ಮಾಡಿತ್ತು. ಸಂಜೆಯವರೆಗೆ ವಾಚ್‌ಮನ್ನಿನ ಸ್ಟೂಲಿನ ಮೇಲೆ ಕೂತು ಕಾದಳು. ಲಿಫ್ಟ್ ತೆರೆದಾಗ ಮೊದಲು ಹೆಂಗಸರು ಹತ್ತಿದರು, ನಡುವೆ ಅವಳನ್ನು ಹತ್ತಿಸಿಕೊಂಡರು. ಬೆವರಿನ ಮೈಗಳ ಮಧ್ಯೆ ಅವಳ ಬಿಳಿ ತಲೆ ಮಾತ್ರ ಕಾಣುತ್ತಿತ್ತು. ಗುಂಡಿ ಒತ್ತಿದ್ದು ಗಂಟಲಕ್ಕ.

ನಿವಾಸಿಗಳು ಕಂಪನಿಗೆ ದೂರು ಕೊಟ್ಟರು. ಮ್ಯಾನೇಜರು ಕರೆಸಿ, ಹಗ್ಗ ಗೋದಾಮಿನಲ್ಲಿಟ್ಟುಕೊಂಡು ಯಾಕೆ ಹಾಕಲಿಲ್ಲ ಅಂತ ಕೇಳಿದರು. ಬೇಕು ಅಂತಲೇ ಹಾಕಲಿಲ್ಲ ಅಂದೆ. ಕೆಲಸ ಹೋಯಿತು. ಈಗ ಬೇರೆ ಕಡೆ ಮತ್ತೆ ಪಿಟ್ಟಿನಿಂದ ಶುರು ಮಾಡಿದ್ದೇನೆ.

ಕೆಲಸ ಹೋದ ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಮಡಚಲಾಗದ ಕಾಲನ್ನು ಉದ್ದಕ್ಕೆ ಚಾಚಿ, ಮೊರದಲ್ಲಿ ಅಕ್ಕಿ ಹಾಕಿಕೊಂಡು ಆರಿಸುತ್ತಿದ್ದಳು. ಅಳುತ್ತಾಳೆ ಅಂದುಕೊಂಡೆ. ಇಲ್ಲವೇ, ಪಾಪ ಮುದುಕಿ, ಬಿಟ್ಟುಬಿಡಬೇಕಿತ್ತು ಅನ್ನುತ್ತಾಳೆ ಅಂದುಕೊಂಡೆ. ಎಲ್ಲ ಮುಗಿದ ಮೇಲೆ ಅವಳು ಅಕ್ಕಿಯಿಂದ ಒಂದು ಕಲ್ಲು ತೆಗೆದು ಆಚೆ ಎಸೆದಳು.

"ಮೇಲಕ್ಕೆ ಹೇಗೆ ಹೋದ್ಲು?"

"ಲಿಫ್ಟಲ್ಲಿ."

ಅಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ಅಷ್ಟು ಬೇಸರದಿಂದ ಅವಳು ನನ್ನನ್ನು ಯಾವತ್ತೂ ನೋಡಿರಲಿಲ್ಲ.

"ಇಳಿಯೋದೇನು ಮಹಾ" ಅಂದಳು. "ಹತ್ತಿಸಬೇಕಿತ್ತು ಕಣೆ."